ಸೋಮವಾರ ಒಡೆಯಬೇಕಾದ ಗೋಡೆ

ಸಭೆಯ ಹಿರಿಯರಿಗೆ, ಜಸ್ಟೀನಾಳ ಗಂಡ ಡೀಡ್ರಿಕ್ ಬ್ಯೂಲರ್ ಅವರಿಗೆ, ಅವರ ಮಕ್ಕಳಿಗೆ, ಸೊಸೆಯಂದಿರಿಗೆ, ಪ್ಲೆಟ್ ಕಾರ್ಖಾನೆಯಿಂದ ಬಂದಿರುವ ನನ್ನ ಜೊತೆಗಾರರಿಗೆ, ಆ ಕಡೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಕಿವಿ ಮಾತ್ರ ಇತ್ತ ಕೊಟ್ಟಿರುವ ಹೆಂಗಸರಿಗೆ — ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನಮ್ಮ ಜಸ್ಟೀನಾಳನ್ನು ಈಗಷ್ಟೇ ಮಣ್ಣಿಗೆ ಒಪ್ಪಿಸಿ ಬಂದಿದ್ದೇವೆ. ಬೂಟಿಗೆ ಅಂಟಿದ ಕೆಸರು ಇನ್ನೂ ಒಣಗಿಲ್ಲ.

ನಾನು ಅಗನೆಥಾ ಹಾರ್ಡರ್. ನೆಟಾ ಎಂದರೆ ಎಲ್ಲರಿಗೂ ಗೊತ್ತು. ಪ್ಲೆಟ್ ಅವರ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಜಸ್ಟೀನಾ ಒಂದು ಮೇಜಿನಲ್ಲಿ, ನಾನು ಎದುರು ಮೇಜಿನಲ್ಲಿ ಕೂತು ಗೋಡೆ ಮಾಡಿದವರು. ಅವಳ ಜೊತೆ ಕೆಲಸ ಮಾಡಿದೆ ಎಂದು ಹೇಳುವುದು ವಾಡಿಕೆ. ನಾನು ಅವಳ ಎದುರು ಕೆಲಸ ಮಾಡಿದೆ.

ಮೊದಲು ಒಂದು ವಿಷಯ ತೀರಿಸಿಬಿಡುತ್ತೇನೆ. ಬೆಳಿಗ್ಗೆಯಿಂದ ಅಡುಗೆಮನೆಯವರು ನನ್ನ ಕೈಯನ್ನೇ ನೋಡುತ್ತಿದ್ದೀರಿ. ಸಾವಿನ ಊಟಕ್ಕೆ ನೆಟಾ ಖಾಲಿ ಕೈಯಲ್ಲಿ ಬಂದಿದ್ದಾಳೆ. "ಏನೇ, ನಿನ್ನ ಪ್ಲಮ್ ಹಣ್ಣಿನ ಪ್ಲಾಟ್ಸ್ ಕೇಕ್ ಎಲ್ಲಿ? ಒಲೆ ಕೆಟ್ಟಿತಾ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ಒಲೆ ಕೆಟ್ಟಿಲ್ಲ. ಹಿಟ್ಟಿದೆ, ಹಣ್ಣಿದೆ, ಬೆಣ್ಣೆಯೂ ಇದೆ. ನಾನು ಪ್ಲಾಟ್ಸ್ ತರಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಅದಕ್ಕೆ ಡೀಡ್ರಿಕ್ ಅವರ ಅಪ್ಪಣೆ ಬೇಕು. ಅದನ್ನು ಕೇಳುವುದಕ್ಕೇ ನಾನು ಎದ್ದು ನಿಂತದ್ದು.

ನನಗಿಂತ ಮೊದಲು ಕಾರ್ನಿ ಪ್ಲೆಟ್ ಅವರು ಮಾತಾಡಿದರು. ನಮ್ಮ ಕಾರ್ಖಾನೆಯ ಯಜಮಾನರು. ಮಾತು ಚೆನ್ನಾಗಿತ್ತು, ಮುಂದಿನ ಸಾಲಿನಲ್ಲಿ ಮೂಗು ಒರೆಸಿಕೊಂಡವರನ್ನು ನಾನೂ ನೋಡಿದೆ. ಅವರು ಹೇಳಿದ್ದು ಇಷ್ಟು — ಜಸ್ಟೀನಾ ಕೊನೆಯದಾಗಿ ಕಟ್ಟಿದ ಗೋಡೆ, ಗೋಡೆಗಳನ್ನು ಒಡೆದು ಪರೀಕ್ಷಿಸುವ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಒಡೆಯುವುದು ಬೇಡ. ಹಾಗೇ ಉಳಿಸಿಕೊಳ್ಳೋಣ. ಅವಳ ಹೆಸರಿನ ಹಿತ್ತಾಳೆ ಫಲಕ ಹಾಕೋಣ. ಉತ್ತರದ ಗಣಿ ಊರಿನ ಆಸ್ಪತ್ರೆಗೆ ಅದೇ ಥರದ ಗೋಡೆ ಮಾಡಿ ಕಳಿಸಿಬಿಡೋಣ.

ನೀವೆಲ್ಲ ಹೌದೆಂದು ತಲೆ ಅಲ್ಲಾಡಿಸಿದಿರಿ.

ನಾನು ಅಲ್ಲಾಡಿಸಲಿಲ್ಲ. ಡೀಡ್ರಿಕ್, ನೀವೂ ಅಲ್ಲಾಡಿಸಲಿಲ್ಲ. ಅದನ್ನು ನೋಡಿಯೇ ನನಗೆ ಧೈರ್ಯ ಬಂತು.

ಈ ಕೆಲಸ ಏನೆಂದು ಗೊತ್ತಿಲ್ಲದವರು ಇಲ್ಲಿ ಇರಬಹುದು. ವಿನಿಪೆಗ್‌ನಿಂದ ಬಂದ ನೆಂಟರಿದ್ದೀರಿ. ಹೇಳುತ್ತೇನೆ. ನಮ್ಮ ಪೇಟೆಯ ಔಷಧಿ ಅಂಗಡಿಗೆ ಒಮ್ಮೆ ಕಳ್ಳ ನುಗ್ಗಿದ್ದು ಹಳಬರಿಗೆ ನೆನಪಿದೆ. ಮದ್ದಿನ ಕೋಣೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಮೂರು ಬೀಗ. ಕಳ್ಳ ಬಾಗಿಲನ್ನು ಮುಟ್ಟಲೇ ಇಲ್ಲ. ಪಕ್ಕದ ಜಿಪ್ಸಮ್ ಗೋಡೆಯನ್ನು ಅಡುಗೆ ಚಾಕುವಿನಲ್ಲಿ ಕೊಯ್ದು, ಹಬ್ಬದ ಹ್ಯಾಮ್ ಕೊಯ್ದ ಹಾಗೆ ಕೊಯ್ದು, ಒಳಗೆ ಹೋಗಿ ಬಂದಿದ್ದ. ಬಾಗಿಲಿಗೆ ಮೂರು ಬೀಗ, ಗೋಡೆಗೆ ಒಂದು ಕೈ ಸುಣ್ಣ. ಆಗ ಕಾರ್ನಿ ಧಾನ್ಯದ ಲಾರಿಗಳಿಗೆ ಪೆಟ್ಟಿಗೆ ಮಾಡುತ್ತಿದ್ದರು. ಅವತ್ತಿನಿಂದ ಗೋಡೆಗೆ ಇಳಿದರು.

ಕಾಂಕ್ರೀಟ್ ಹಾಕಿದರೆ ಆಯಿತಲ್ಲ ಎನ್ನುತ್ತೀರಿ. ಹಾಕಿ. ಹಳೆಯ ಮರದ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಂಕ್ರೀಟ್ ಗೋಡೆ ಹಾಕಿ, ಕೆಳಗೆ ಯಾರೂ ಕೂರಬೇಡಿ. ಉತ್ತರದ ಊರುಗಳಿಗೆ ಸಾಮಾನು ಒಯ್ಯುವ ಸಣ್ಣ ವಿಮಾನದಲ್ಲಿ ಕಾಂಕ್ರೀಟ್ ಹೇರಿ, ಅದು ಹಾರುತ್ತದೋ ನೋಡಿ. ಗೋಡೆ ಹಗುರ ಇರಬೇಕು. ಇಬ್ಬರು ಹೆಂಗಸರು ಎತ್ತಿ ಮೆಟ್ಟಿಲು ಹತ್ತಿಸುವಷ್ಟು ಹಗುರ. ಆದರೂ ಚಮ್ಮಟಿಗೆ, ಹಾರೆ, ಗರಗಸ ಹಿಡಿದು ಬಂದವನನ್ನು ಕಾಲು ಗಂಟೆ ಹೊರಗೆ ನಿಲ್ಲಿಸಬೇಕು. ಕಾಲು ಗಂಟೆ ಸಾಕು. ಅಷ್ಟರಲ್ಲಿ ಪೊಲೀಸರು ಬರುತ್ತಾರೆ. ಗೋಡೆಯ ಕೆಲಸ ಕಳ್ಳನನ್ನು ತಡೆಯುವುದಲ್ಲ, ಅವನಿಗೆ ತಡ ಮಾಡುವುದು ಎಂದು ಜಸ್ಟೀನಾ ಹೇಳುತ್ತಿದ್ದಳು.

ಆ ಮಾತು ನಾನು ಹೇಳಬೇಕಿತ್ತು. ನನಗೂ ಗೊತ್ತಿತ್ತು. ಅವಳು ಮೊದಲು ಹೇಳಿದಳು.

ಹೀಗೆಯೇ ಅವಳು. ನೀವು ಯಾರೂ ಹೇಳುವುದಿಲ್ಲ, ಸತ್ತವರ ಮುಂದೆ ಹೇಳಬಾರದು ಎನ್ನುತ್ತೀರಿ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಇತ್ತು ಎಂದು ಹೇಳುತ್ತಿಲ್ಲ, ಇದೆ ಎನ್ನುತ್ತಿದ್ದೇನೆ. ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಹೂವಿನ ರಾಶಿ ನೋಡಿದಾಗಲೂ — ಇಷ್ಟು ಹೂವು ನನಗೆ ಬರುತ್ತದಾ ಎಂದು ಒಂದು ಲೆಕ್ಕ ತಲೆಯಲ್ಲಿ ಓಡಿತು. ಪಾಸ್ಟರ್, ನೀವು ಹಾಗೆ ನೋಡಬೇಡಿ. ನೆರೆಯವರ ಮನೆಗೆ ಆಸೆಪಡಬಾರದು ಎಂಬ ಆಜ್ಞೆ ನನಗೂ ಬಾಯಿಪಾಠ. ಮನೆ ಎಂದರೆ ಗೋಡೆಯೂ ಸೇರಿತು, ಗೊತ್ತು. ಅದನ್ನು ನಾನು ದೇವರ ಹತ್ತಿರ ಮಾತಾಡಿಕೊಳ್ಳುತ್ತೇನೆ.

ಚಿಕ್ಕವರಿದ್ದಾಗಿನಿಂದ ಹೀಗೆ. ಒಂದೇ ಊರು, ಒಂದೇ ಶಾಲೆ, ಒಂದೇ ಕೋಣೆ, ಒಂದೇ ಟೀಚರು. ಗುಂಪು ಹಾಡಿನಲ್ಲಿ ಕೆಳಗಿನ ದನಿ ಅವಳದು. ನಾನೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದೆ, ಟೀಚರ ಕಣ್ಣು ಅವಳ ಮೇಲೆ. ಮದುವೆಯಾದ ಮೇಲೆ ಬನ್ನು. ನಮ್ಮ ಬನ್ನು ಎಲ್ಲರಿಗೂ ಗೊತ್ತು, ಒಂದು ಉಂಡೆಯ ಮೇಲೆ ಇನ್ನೊಂದು ಉಂಡೆ. ನನ್ನದರಲ್ಲಿ ಮೇಲಿನದು ಒಲೆಯೊಳಗೆ ಹೋದ ಕೂಡಲೇ ಕುಡುಕನ ಹ್ಯಾಟಿನಂತೆ ವಾಲುತ್ತದೆ. ಅವಳದು ವಾಲಿದ್ದನ್ನು ನೀವು ಯಾರಾದರೂ ನೋಡಿದ್ದೀರಾ? ನೋಡಿದ್ದರೆ ಕೈ ಎತ್ತಿ. — ಇಲ್ಲ. ನಾನೂ ನೋಡಿಲ್ಲ. ಕಾದಿದ್ದೆ, ನೋಡಿಲ್ಲ.

ಆಮೇಲೆ ಅವಳ ಮೊದಲ ಗೋಡೆ. ಚಳಿಗಾಲದಲ್ಲಿ ಇಬ್ಬರ ಗಂಡುಮಕ್ಕಳೂ ಐಸ್ ಹಾಕಿ ಆಟ ಆಡುವಾಗ ನಾವು ಐಸ್ ಅಂಗಳದ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ಒಂದೇ ಫ್ಲಾಸ್ಕಿನ ಕಾಫಿ. ಆ ರಬ್ಬರ್ ಬಿಲ್ಲೆ ಗುಂಡಿನಂತೆ ಬಂದು ಸುತ್ತಲಿನ ಪಾರದರ್ಶಕ ಹಲಗೆಗೆ ಬಡಿಯುತ್ತದಲ್ಲ — ಢಮ್. ಹಲಗೆ ಒಡೆಯುವುದಿಲ್ಲ. ಸ್ವಲ್ಪ ಹಿಂದೆ ಹೋಗುತ್ತದೆ, ಮುಂದೆ ಬರುತ್ತದೆ. ಅಷ್ಟೆ. ನಾನು ಎಷ್ಟೋ ಚಳಿಗಾಲ ಅದನ್ನು ನೋಡಿದೆ. ನಾನು ಬಿಲ್ಲೆ ನೋಡಿದೆ. ಅವಳು ಹಲಗೆ ನೋಡಿದಳು.

ಒಂದು ದಿನ ನನ್ನ ತೋಳು ಹಿಡಿದು, "ನೆಟಾ, ಅದು ಬಗ್ತದೆ ನೋಡೇ. ಬಗ್ಗೋದಕ್ಕೇ ಉಳಿಯೋದು ಅದು," ಎಂದಳು.

ನಾನು, "ನಿನ್ನ ಮಗ ಬಿದ್ದಿದ್ದಾನೆ, ಅವನನ್ನ ನೋಡು ಮೊದಲು," ಎಂದೆ.

ಮುಂದಿನ ವಾರ ಅವಳ ಗೋಡೆ ತಯಾರು. ಹೊರಗೆ ಪ್ಲೈವುಡ್, ಅದರ ಹಿಂದೆ ಉಕ್ಕಿನ ಜಾಲರಿ, ಅದರ ಹಿಂದೆ ಐಸ್ ಅಂಗಳದ ಹಲಗೆಯಂಥದೇ ಪ್ಲಾಸ್ಟಿಕ್ ಹಾಳೆ ಸ್ವಲ್ಪ ಸಡಿಲವಾಗಿ, ಮತ್ತೆ ಪ್ಲೈವುಡ್. ಮರ ಕೊಯ್ಯುವ ಗರಗಸ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಜಾಲರಿ ಕೊಯ್ಯುವ ಚಕ್ರ ಬಿಸಿಯಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಚಮ್ಮಟಿಗೆ ಎತ್ತಿ ಹೊಡೆದರೆ ಗೋಡೆ ಬಗ್ಗಿ ಅದನ್ನು ಹೊಡೆದವನ ಕಡೆಗೇ ವಾಪಸು ಕಳಿಸುತ್ತದೆ. ಪದರ ಪದರಕ್ಕೂ ಕಳ್ಳ ಚೀಲಕ್ಕೆ ಕೈ ಹಾಕಬೇಕು, ಬೇರೆ ಹತಾರ ಹುಡುಕಬೇಕು. ಒಂದೊಂದು ಪದರವನ್ನೇ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಸೇರಿಸಿದ್ದು ದೊಡ್ಡದು.

ಈಗ ಮುಖ್ಯವಾದ ಕತೆ. ಕಾರ್ನಿ, ಇದು ನಿಮಗೆ ಗೊತ್ತಿರುವುದೇ, ಆದರೂ ಕೇಳಿ.

ಆಗ ಗೋಡೆ ಒಡೆದು ನೋಡುವ ಕೆಲಸ ಶೆಡ್ಡಿನ ಗಂಡಸರದು. ಜಸ್ಟೀನಾಳ ಆ ಮೊದಲ ಗೋಡೆಯ ಪರೀಕ್ಷೆ. ಅವಳು ಅವತ್ತು ಬೆಳಿಗ್ಗೆ ಬಿಸಿ ಬನ್ನು ತಂದಿದ್ದಳು. ಮನೆಯ ಬೆಣ್ಣೆ, ಮನೆಯ ಜಾಮು. ಲಂಚ ಎಂದಲ್ಲ, ಅವಳ ಬುದ್ಧಿಗೆ ಅದು ಹೊಳೆಯುವುದೂ ಇಲ್ಲ. ಹಂಚಿ ತಿನ್ನುವುದು ನಮ್ಮ ರೂಢಿ. ಗಂಡಸರು ತಿಂದರು, ಕೈ ಒರೆಸಿಕೊಂಡರು, ಚಮ್ಮಟಿಗೆ ಎತ್ತಿದರು. ಕಾಲು ಗಂಟೆ ಹೊಡೆದರು. ಗೋಡೆ ನಿಂತಿತು. ಎಲ್ಲರೂ ಅವಳ ಕೈ ಕುಲುಕಿದರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಹೊಡೆತ ಹೊಡೆತವೇ ಅಲ್ಲ ಅದು. ಮೇಜಿನ ಮೇಲಿನ ನೊಣ ಓಡಿಸಿದ ಹಾಗಿತ್ತು. ಬನ್ನು ತಿಂದ ಕೈ ಬನ್ನು ಕೊಟ್ಟವಳ ಗೋಡೆಗೆ ಗಟ್ಟಿಯಾಗಿ ಬೀಳುವುದಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ.

ಆ ಗೋಡೆ ಒಂದು ಬಂದೂಕಿನ ಅಂಗಡಿಗೆ ಹೋಯಿತು. ಬಂದವನು ಬನ್ನು ತಿಂದವನಲ್ಲ. ಪೊಲೀಸರು ತಲುಪುವ ಹೊತ್ತಿಗೆ ಅವನು ಒಳಗೆ ಹೋಗಿ, ಬೇಕಾದ್ದು ಹೊತ್ತುಕೊಂಡು, ಹೊರಗೆ ಬಂದು, ದಾರಿ ಹಿಡಿದಿದ್ದ. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ.

ಕಾರ್ನಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಗಂಡಸರು ನೆಲ ನೋಡುತ್ತಿದ್ದರು. ಜಸ್ಟೀನಾ ಅಳಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಇನ್ನು ಮೇಲೆ ನನ್ನ ಗೋಡೆ ನೆಟಾ ಒಡೀಲಿ," ಎಂದಳು.

ಕಾರ್ನಿ ಕೇಳಿದರು, "ನೆಟಾನೇ ಯಾಕೆ?"

"ಅವಳಿಗೆ ನನ್ನ ಕಂಡ್ರೆ ಆಗಲ್ಲ."

ನಾನು ಅಲ್ಲೇ ಇದ್ದೆ.  ಅವಳು ಹೇಳಿದ್ದು ನಿಜ.

ಕಾರ್ನಿ ನನ್ನ ಮುಖ ನೋಡಿ, ಅವಳ ಮುಖ ನೋಡಿ, "ಹಾಗಾದ್ರೆ ನೆಟಾ ಗೋಡೆ?" ಎಂದರು.

"ಅದನ್ನ ನಾನು ಒಡೀತೀನಿ. ನನಗೂ ಅವಳಂದ್ರೆ ಅಷ್ಟಕ್ಕಷ್ಟೆ."

ನೋಡಿ, ನನ್ನ ಹೊಟ್ಟೆಕಿಚ್ಚನ್ನು ನನಗಿಂತ ಮೊದಲು ಅವಳು ಕೆಲಸಕ್ಕೆ ಹಚ್ಚಿದಳು. ಅದರಲ್ಲೂ ಅವಳೇ ಮುಂದೆ.

ಅವತ್ತೇ ಪ್ಲಾಟ್ಸ್‌ನ ಕಟ್ಟಲೆಯೂ ಆಯಿತು. ಕಾಲು ಗಂಟೆಯೊಳಗೆ ಗೋಡೆ ಒಡೆದರೆ ಕಟ್ಟಿದವಳು ಪ್ಲಾಟ್ಸ್ ತರಬೇಕು. ಒಡೆಯದಿದ್ದರೆ ಒಡೆಯಲು ಹೋದವಳು ತರಬೇಕು. ತಿನ್ನುವುದು ಪರೀಕ್ಷೆ ಮುಗಿದ ಮೇಲೆ, ಮೊದಲಲ್ಲ.

ನನ್ನ ಮೊದಲ ಗೋಡೆಗೆ ನಾನು ಉಕ್ಕಿನ ತಗಡು ಹಾಕಿದೆ. ತೆಳ್ಳಗೆ, ಆದರೆ ಇಡೀ ತಗಡು. ಹೊಡೆ ಈಗ, ನೋಡೋಣ ಎಂದು ಕೈ ಕಟ್ಟಿಕೊಂಡು ನಿಂತೆ. ಅವಳು ಹೊಡೆಯಲಿಲ್ಲ. ಗೋಡೆಯ ಸುತ್ತ ನಡೆದಳು, ದನ ಕೊಳ್ಳಲು ಬಂದವರ ಹಾಗೆ. ಅಂಚು ಮುಟ್ಟಿದಳು. ಆಮೇಲೆ ಹಾರೆಯ ತುದಿಯನ್ನು ತಗಡಿನ ಅಂಚಿಗೆ ಕೊಟ್ಟು ಒಮ್ಮೆ ಮೈ ಬಿಟ್ಟು ಕೂತಳು — ಹೀಗೆ. ಸ್ಕ್ರೂಗಳು ಒಂದರ ಹಿಂದೆ ಒಂದು ಕಿತ್ತು ಬಂದವು. ತಗಡಿಗೆ ಒಂದು ಗೀರೂ ಇಲ್ಲ, ಇಡೀ ತಗಡೇ ನೆಲಕ್ಕೆ ಬಿತ್ತು.

"ನಿನ್ನ ತಗಡು ಗಟ್ಟಿ ಕಣೇ," ಎಂದಳು. "ಅದನ್ನ ಹಿಡ್ಕೊಂಡಿರೋರು ಯಾರು ಅಂತ ನೋಡಲಿಲ್ಲ ನೀನು."

ನಾನು ಪ್ಲಾಟ್ಸ್ ತಂದೆ. ಅದರ ಮುಂದಿನ ಸಲವೂ ತಂದೆ. ಆಮೇಲೆ ಅಂಚು ಕಲಿತೆ, ಚೌಕಟ್ಟು ಕಲಿತೆ. ಅವಳು ಹೊಸ ದಾರಿ ಹುಡುಕಿದಳು, ನಾನು ಅದನ್ನು ಮುಚ್ಚಿದೆ. ನಾನೂ ಅವಳದನ್ನು ಒಡೆದಿದ್ದೇನೆ, ಹಾಗೇನಿಲ್ಲ. ಒಡೆದ ದಿನ ಮನೆಗೆ ಹಾಡು ಹೇಳಿಕೊಂಡು ಹೋಗಿದ್ದೇನೆ, ಅವಳ ಕೆಳಗಿನ ದನಿಯ ಹಾಡನ್ನೇ. ಆದರೆ ಹೆಚ್ಚು ಸಲ ಪ್ಲಾಟ್ಸ್ ತಂದವಳು ನಾನು. ಶೆಡ್ಡಿನವರನ್ನು ಕೇಳಿ, ಹೊಟ್ಟೆ ಬಂದಿದ್ದು ಯಾರಿಂದ ಅಂತ.

ಪ್ರತಿಸಲವೂ ಅವಳು ಒಂದು ತುಂಡು ತಿಂದು, "ಸಕ್ಕರೆ ಜಾಸ್ತಿಯಾಯ್ತು, ನೆಟಾ," ಎನ್ನುತ್ತಿದ್ದಳು. ಹಾಗೆ ಹೇಳಿ ಇನ್ನೊಂದು ತುಂಡನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳು. ಗಂಡನಿಗೆ ಎಂದುಕೊಂಡಿದ್ದೆ.

ಈಗ ಶೆಡ್ಡಿನಲ್ಲಿ ನಿಂತಿರುವ ಗೋಡೆಯ ಮಾತು. ಆ ಗಣಿ ಊರಿನ ಆಸ್ಪತ್ರೆ ಹಳೆಯ ಮರದ ಕಟ್ಟಡ. ಮದ್ದಿನ ಕೋಣೆ ಮೇಲಿನ ಮಹಡಿಯಲ್ಲಿ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸು. ಯಾರಾದರೂ ನುಗ್ಗಿದರೆ ಅವಳು ಆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಊರಿನ ಆ ತುದಿಯಿಂದ ಪೊಲೀಸರು ಬರುವವರೆಗೆ ಕಾಯಬೇಕು. ಗೋಡೆಯ ಈ ಕಡೆ ಅವನು, ಆ ಕಡೆ ಅವಳು. ನಡುವೆ ಜಸ್ಟೀನಾ.

ಹೋದ ವಾರ ಶುಕ್ರವಾರ ಸಂಜೆ ಕೊನೆಯ ಹಲಗೆ ಬಿಗಿದಳು. ಕೋಟು ಹಾಕಿಕೊಳ್ಳುತ್ತ, "ಸೋಮವಾರ ಪ್ಲಾಟ್ಸ್ ತರೋಳು ನೀನೇ. ಈ ಸಲ ಸಕ್ಕರೆ ಕಮ್ಮಿ ಹಾಕು," ಎಂದಳು.

"ನಿನ್ನ ಒಲೆ ಒರೆಸಿಟ್ಕೋ," ಎಂದೆ ನಾನು. ಅದೇ ಕೊನೆ. ಶನಿವಾರ ಆಲೂಗಡ್ಡೆ ಅಗೆಯುತ್ತಿದ್ದವಳು ಸಾಲಿನ ನಡುವೆ ಕೂತಳು, ಏಳಲಿಲ್ಲ.

ಡೀಡ್ರಿಕ್, ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ದುಃಖ ಇದೆ. ಆದರೆ ಸುಳ್ಳು ಹೇಳುವುದಿಲ್ಲ, ಕಣ್ಣು ಮುಚ್ಚಿದರೆ ಬರುವುದು ಆ ಗೋಡೆ. ಈ ಸಲ ಅವಳು ಒಳಗಿನ ಹಾಳೆಯನ್ನು ಎಷ್ಟು ಸಡಿಲ ಬಿಟ್ಟಿದ್ದಾಳೆ, ಯಾವುದರಿಂದ ತೂಗುಹಾಕಿದ್ದಾಳೆ, ಯಾರಿಗೂ ಹೇಳಿಲ್ಲ. ನಾನು ಕಿವಿ ಇಟ್ಟು ತಟ್ಟಿ ನೋಡಿದೆ. ಅದು ಏನೂ ಹೇಳಲಿಲ್ಲ, ಅವಳ ಹಾಗೆಯೇ.

"ಅದೇ ಥರ ಮಾಡಿ ಕಳಿಸೋಣ" ಎನ್ನುತ್ತಾರೆ ಕಾರ್ನಿ. ಯಾವ ಥರ? ಒಳಗಿರುವುದು ಯಾರಿಗೆ ಗೊತ್ತು? ಇನ್ನೊಂದು ಕಟ್ಟಿ ಅದನ್ನು ಒಡೆಯೋಣ ಎನ್ನಬಹುದು. ಕಟ್ಟುವವಳು ನಾನು. ನಾನು ಕಟ್ಟಿದರೆ ಅದು ನನ್ನ ಗೋಡೆ. ಅದಕ್ಕೆ ಅವಳ ಹೆಸರು ಹಾಕಿದರೆ ಅವಳಿಗೆ ಅವಮಾನ, ನನಗೆ ಮೋಸ.

ಕಾರ್ನಿ, ಬೇಸರ ಮಾಡಿಕೊಳ್ಳಬೇಡಿ. ನೀವು ಈಗ ಹೇಳಿದ್ದು ಪ್ರೀತಿಯ ಮಾತು. ಬಂದೂಕಿನ ಅಂಗಡಿಯ ಗೋಡೆಗೂ ನಾವು ಪ್ರೀತಿಯನ್ನೇ ತೋರಿಸಿದ್ದು. ಇವತ್ತು ಈ ಮೇಜುಗಳ ತುಂಬ ಅವಳಿಗಾಗಿ ಬನ್ನು ಇದೆ, ಎಲ್ಲರೂ ತಿಂದಿದ್ದೀರಿ, ಎಲ್ಲರ ಕೈಯೂ ಮೆತ್ತಗಾಗಿದೆ. ನಾನು ತಿಂದಿಲ್ಲ. ಬೇಕಾದರೆ ನನ್ನ ತಟ್ಟೆ ನೋಡಿ.

ಫಲಕದ ಮೇಲೆ ಹೊಟ್ಟೆಕಿಚ್ಚಿನಿಂದ ಹೀಗೆ ಹೇಳುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡರೆ — ಹೌದು, ಅದೂ ಇದೆ. ಒಡೆಯದೆ ನಿಲ್ಲಿಸಿಬಿಟ್ಟರೆ ಆ ಗೋಡೆ ಎಂದಿಗೂ ಸೋಲುವುದಿಲ್ಲ. ದಿನಾ ಬೆಳಿಗ್ಗೆ ನಾನು ಅದರ ಮುಂದೆ ಹಾದು ಹೋಗಬೇಕು. ಆಡದೇ ಸೋಲುತ್ತ ಇರಬೇಕು, ಸಾಯುವವರೆಗೆ. ಅವಳಿಗಾದರೂ ಅದು ಬೇಕಿತ್ತಾ? ತನ್ನನ್ನು ಕಂಡರೆ ಆಗದವಳೇ ಒಡೆಯಲಿ ಎಂದು ಬಾಯಿಬಿಟ್ಟು ಕೇಳಿದವಳು ಅವಳು. ಇದೊಂದೇ ಅವಳು ನನ್ನಿಂದ ಕೇಳಿದ್ದು.

ಇನ್ನು ನನ್ನ ಗೋಡೆ ಯಾರು ಒಡೆಯುತ್ತಾರೆ? ಅವಳಷ್ಟು ಚೆನ್ನಾಗಿ ನನ್ನನ್ನು ಕಂಡರೆ ಆಗದವರು ಇನ್ನು ಯಾರಿದ್ದಾರೆ? ನೀವೆಲ್ಲ ಒಳ್ಳೆಯವರು. ಬಾಗಿಲು ತಟ್ಟಿದ ಹಾಗೆ ತಟ್ಟಿ, "ನಿಂತಿದೆ ನೆಟಾ, ಚೆನ್ನಾಗಿದೆ," ಎನ್ನುತ್ತೀರಿ. ಅವಳು ಹೋಗಿ ಗೆದ್ದಳು. ನನ್ನನ್ನು ಒಳ್ಳೆಯವರ ಕೈಗೆ ಬಿಟ್ಟು ಹೋದಳು.

ಆದ್ದರಿಂದ ಡೀಡ್ರಿಕ್, ಎಲ್ಲರ ಮುಂದೆ ಕೇಳುತ್ತಿದ್ದೇನೆ. ಬರುವ ಸೋಮವಾರ ನಾನು ಜಸ್ಟೀನಾಳ ಗೋಡೆ ಒಡೆಯಲು ನಿಮ್ಮ ಅಪ್ಪಣೆ ಬೇಕು. ಕಾಲು ಗಂಟೆ, ನನ್ನ ಮೈಯಲ್ಲಿರುವ ಬಲ ಎಲ್ಲ ಹಾಕಿ. ನಿಂತರೆ ಪೆಟ್ಟು ತಿಂದ ಹೊರ ಹಲಗೆ ಬದಲಿಸಿ ಗೋಡೆ ಉತ್ತರಕ್ಕೆ ಹೋಗಲಿ, ಫಲಕ ಅಲ್ಲಿಯೇ ಹಾಕಿ, ನಾನು ಪ್ಲಾಟ್ಸ್ ತರುತ್ತೇನೆ. ಬಿದ್ದರೆ ಅದು ಯಾಕೆ ಬಿತ್ತೆಂದು ನೋಡಿ, ಆ ನರ್ಸಿನ ಗೋಡೆಯನ್ನು ನಾನು ಸರಿ ಮಾಡುತ್ತೇನೆ. ಆಗ ಪ್ಲಾಟ್ಸ್ ನಿಮ್ಮ ಮನೆಯಿಂದ ಬರಬೇಕು, ಅದು ಹೇಗೋ ನನಗೆ ಗೊತ್ತಿಲ್ಲ.

— ಏಳುತ್ತಿದ್ದೀರಾ. ನಿಧಾನ, ನಿಧಾನ. ಅವರಿಗೆ ಕುರ್ಚಿ ಹಿಡಿಯಿರಿ ಯಾರಾದರೂ.

— ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎನ್ನುತ್ತಿದ್ದಾರೆ. ಡೀಡ್ರಿಕ್ ಹೇಳಿದ್ದನ್ನು ನಾನು ಹೇಳುತ್ತೇನೆ. "ಒಡಿ ನೆಟಾ. ಅವಳ ಚಮ್ಮಟಿಗೆ ನನ್ನ ಟ್ರಕ್ಕಿನಲ್ಲಿದೆ, ತಗೊಂಡು ಹೋಗು, ನಿಂದು ಸರಿಯಿಲ್ಲ ಅಂತ ಅವಳು ಯಾವಾಗ್ಲೂ ಹೇಳ್ತಿದ್ಲು," ಎಂದರು.

ನನ್ನ ಚಮ್ಮಟಿಗೆ ಸರಿಯಾಗಿಯೇ ಇದೆ. ಇರಲಿ. ತೆಗೆದುಕೊಳ್ಳುತ್ತೇನೆ. ಅವಳದರ ಹಿಡಿ ಉದ್ದ, ನನಗೆ ಗೊತ್ತು.

— ಏನಂದಿರಿ, ಡೀಡ್ರಿಕ್? ಇನ್ನೊಮ್ಮೆ ಹೇಳಿ.

ಆ ಪ್ಲಾಟ್ಸ್ ತುಂಡು. ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದದ್ದು. "ನನಗೆಲ್ಲಿ ಕೊಟ್ಟಳು?" ಎನ್ನುತ್ತಿದ್ದಾರೆ. "ಅಡುಗೆ ಮೇಜಿನ ಮೇಲಿಟ್ಟು ಚಾಕು ತಗೊಂಡು ಪದರ ಪದರವಾಗಿ ಬಿಡಿಸಿ ನೋಡ್ತಿದ್ಲು. ಹಣ್ಣಿನ ರಸ ಅಷ್ಟಿದ್ರೂ ನೆಟಾದು ತಳ ಯಾಕೆ ಒದ್ದೆ ಆಗಲ್ಲ ಅಂತ. ಇಪ್ಪತ್ತು ವರ್ಷ. ಆಮೇಲೆ ಸಿಟ್ಟು ಮಾಡ್ಕೊಂಡು ತಾನೇ ತಿಂದುಬಿಡ್ತಿದ್ಲು."

—

ಸ್ವಲ್ಪ ನೀರು ಕೊಡಿ.

ತಳದ ಗುಟ್ಟು ಹೇಳುವುದಿಲ್ಲ. ಅಡುಗೆಮನೆಯವರು ಕಿವಿ ಒಳಗೆ ಎಳೆದುಕೊಳ್ಳಬಹುದು. ಅವಳಿಗೇ ಹೇಳಿಲ್ಲ, ನಿಮಗೆ ಹೇಳುತ್ತೇನಾ.

ಈಗ ಎಲ್ಲರೂ ಏಳಿ. ಜಸ್ಟೀನಾ ಬ್ಯೂಲರ್‌ಗಾಗಿ, ಒಂದು ಮಾತೂ ಇಲ್ಲದೆ ಸ್ವಲ್ಪ ಹೊತ್ತು ನಿಲ್ಲೋಣ. ಕರ್ತನು ಅವಳನ್ನು ತನ್ನ ಮನೆಯೊಳಗೆ ತೆಗೆದುಕೊಳ್ಳಲಿ. ಅಲ್ಲಿನ ಗೋಡೆಗಳ ಸುತ್ತ ಅವಳು ಈಗಾಗಲೇ ಒಂದು ಸುತ್ತು ನಡೆದು ಅಂಚು ಮುಟ್ಟಿ ನೋಡಿರುತ್ತಾಳೆ. ಏಳಿ. ಬನ್ನು ಹಿಡಿದಿರುವವರು ತಟ್ಟೆಗೆ ಇಡಿ. ಕೈ ಖಾಲಿ ಇರಲಿ.